ಸಿಹಿಗುಂಬಳದ ಸೂಪು: ಒಂದೇ ಪಾತ್ರೆ, ಒಂದೇ ಪಂಕ್ತಿ

ರೊಟ್ಟಿ, ಪಲ್ಯ, ಅನ್ನ, ಸಾರು ನಮ್ಮ ಮನೆಗಳ ಊಟದ ವಾಡಿಕೆ. ಹಲ್ಲು ಸಡಿಲಗೊಂಡ ಹಿರಿಯರಿಗೂ ಜ್ವರದಿಂದ ಈಗತಾನೆ ಎದ್ದವರಿಗೂ ಈ ಊಟ ಕಠಿಣವೆನಿಸುತ್ತದೆ. ಆಗ ಅವರಿಗಾಗಿ ತೆಳ್ಳನೆಯ ಗಂಜಿಯನ್ನು ಕಾಯಿಸಿ, ಬೇರೆ ಹೊತ್ತಿನಲ್ಲಿ, ಬೇರೆ ಕಡೆ ಕೂರಿಸಿ ಕೊಡುವುದುಂಟು. ಪಂಕ್ತಿಯಿಂದ ದೂರವಾದ ಹಿರಿಯರು ಎರಡು ಗುಟುಕಿಗೇ ಸಾಕೆನ್ನುವುದನ್ನು ನಾವು ಅನೇಕ ಮನೆಗಳಲ್ಲಿ ಕಂಡಿದ್ದೇವೆ. ಮೊಮ್ಮಕ್ಕಳಿಂದ ಅಜ್ಜಿಯವರೆಗೆ ಎಲ್ಲರಿಗೂ ಒಂದೇ ಪಾತ್ರೆಯಿಂದ ಬಡಿಸಬಹುದಾದ ಪದಾರ್ಥವೊಂದಿದ್ದರೆ ಈ ಕೊರತೆ ನೀಗೀತು. ಸಿಹಿಗುಂಬಳದ ಗಟ್ಟಿ ಸೂಪು ಅಂಥದು.

'ಸೂಪು' ಎಂಬ ಇಂಗ್ಲಿಷ್ ಮಾತು ಫ್ರೆಂಚ್ ಭಾಷೆಯಿಂದ ಬಂದುದು. ಸಂಸ್ಕೃತದ 'ಸೂಪ' ಎಂದರೆ ಬೇಯಿಸಿದ ಬೇಳೆ, ತೊವ್ವೆ. ಮೂಲ ಬೇರೆಯಾದರೂ ಧ್ವನಿಯಲ್ಲಿ ಸಾಮ್ಯವುಂಟು. 16ನೆಯ ಶತಮಾನದ ಮೂರನೆಯ ಮಂಗರಸನು ಕನ್ನಡದಲ್ಲಿ ಬರೆದ ಪಾಕಗ್ರಂಥದ ಹೆಸರೇ 'ಸೂಪಶಾಸ್ತ್ರ'. ನಮ್ಮ ಈ ಪಾಕದಲ್ಲಿಯೂ ಬೇಳೆಗೆ ಸ್ಥಾನವಿದೆ.

ನಾಲ್ವರಿಗೆ ಬೇಕಾಗುವ ಸಾಮಗ್ರಿ ಇಷ್ಟು: ಸಿಪ್ಪೆ, ಬೀಜ ತೆಗೆದ ಸಿಹಿಗುಂಬಳ ಅರ್ಧ ಕಿಲೋ, ಗಜ್ಜರಿ 1, ಉಳ್ಳಾಗಡ್ಡಿ 1, ಹೆಸರುಬೇಳೆ 2 ದೊಡ್ಡ ಚಮಚ, ಬೆಳ್ಳುಳ್ಳಿ 3 ಎಸಳು, ಅರ್ಧ ಅಂಗುಲ ಹಸಿಶುಂಠಿ, ಜೀರಿಗೆ 1 ಸಣ್ಣ ಚಮಚ, ಕಾಳುಮೆಣಸು 8, ಚಿಟಿಕೆ ಅರಿಸಿನ, ತುಪ್ಪ 2 ಸಣ್ಣ ಚಮಚ, ಕಾಯಿಸಿದ ಹಾಲು ಅರ್ಧ ಲೋಟ, ರುಚಿಗೆ ಉಪ್ಪು.

ಕುಕ್ಕರಿನಲ್ಲಿ ತುಪ್ಪ ಕಾಯಿಸಿ ಜೀರಿಗೆ ಸಿಡಿಸಬೇಕು. ಹೆಚ್ಚಿದ ಉಳ್ಳಾಗಡ್ಡಿ, ಬೆಳ್ಳುಳ್ಳಿ, ಶುಂಠಿಗಳನ್ನು ಮಂದ ಉರಿಯಲ್ಲಿ ಮೆತ್ತಗಾಗುವವರೆಗೆ ಬಾಡಿಸಬೇಕು. ಇಲ್ಲಿ ಅವಸರ ಸಲ್ಲದು. ಉಳ್ಳಾಗಡ್ಡಿ ಕಂದಿದರೆ ಸೂಪಿಗೆ ಕಹಿ ತಾಗುತ್ತದೆ. ಬಳಿಕ ಕುಂಬಳ ಮತ್ತು ಗಜ್ಜರಿಯ ಹೋಳು, ತೊಳೆದ ಬೇಳೆ, ಅರಿಸಿನ, 3 ಲೋಟ ನೀರು ಸೇರಿಸಿ 3 ಸೀಟಿ ಕೂಗಿಸಬೇಕು. ಬೆಂದ ನೀರನ್ನು ಚೆಲ್ಲಬಾರದು. ಕಾಯಿಪಲ್ಯದ ಸಾರವೆಲ್ಲ ಅದರಲ್ಲಿಯೇ ಇಳಿದಿರುತ್ತದೆ. ಚೆನ್ನಾಗಿ ಆರಿದ ಮೇಲೆಯೇ ಮಿಕ್ಸಿಯಲ್ಲಿ ನುಣ್ಣಗೆ ರುಬ್ಬಬೇಕು. ಬಿಸಿಯಾಗಿ ರುಬ್ಬಿದರೆ ಆವಿಯ ಒತ್ತಡಕ್ಕೆ ಮುಚ್ಚಳ ಹಾರಿ ಕೈ ಸುಟ್ಟೀತು. ರುಬ್ಬಿದ್ದನ್ನು ಮರಳಿ ಕುದಿಸಿ, ಉಪ್ಪು ಹಾಕಿ, ಉರಿ ತಗ್ಗಿಸಿ ಹಾಲು ಬೆರೆಸಬೇಕು. ಕುಟ್ಟಿದ ಮೆಣಸು ಕೊನೆಗೆ.

ಹೋಟೆಲುಗಳಲ್ಲಿ ಇಂಥ ಸೂಪಿಗೆ ಮೆಕ್ಕೆಜೋಳದ ಹಿಟ್ಟನ್ನೋ ಬಹಳಷ್ಟು ಕೆನೆಯನ್ನೋ ಹಾಕುವುದುಂಟು. ಮನೆಯಲ್ಲಿ ಅದರ ಅಗತ್ಯವಿಲ್ಲ. ಕುಂಬಳದ ತಿರುಳು ಮತ್ತು ಬೇಳೆಯ ಪಿಷ್ಟವೇ ಬೆಂದು, ನುಣುಪಾಗಿ, ಕೆನೆಯ ಹದ ತರುತ್ತವೆ. ತುಪ್ಪವನ್ನು ಮಾತ್ರ ಪೂರ್ಣವಾಗಿ ಬಿಡಬಾರದು. ಕುಂಬಳ, ಗಜ್ಜರಿಗಳಿಗೆ ಹಳದಿ-ಕೆಂಪು ಬಣ್ಣ ಕೊಡುವ ಕ್ಯಾರೊಟಿನ್ ದೇಹದಲ್ಲಿ 'ಎ' ಜೀವಸತ್ವವಾಗುತ್ತದೆ. ಅದು ಮೈಗೆ ಹತ್ತಲು ಸ್ವಲ್ಪ ಜಿಡ್ಡು ಬೇಕು.

ಹಾಲು ಹಾಕಿದ ಸೂಪಿಗೆ ನಿಂಬೆ, ಟೊಮೆಟೊ, ಹುಣಿಸೆ ಸೇರಿಸಿದರೆ ಹಾಲು ಒಡೆಯುತ್ತದೆ. ಹಸಿಶುಂಠಿಯ ರಸವೂ ಹಾಲನ್ನು ಒಡೆಯಬಲ್ಲುದಾದ್ದರಿಂದಲೇ ಶುಂಠಿಯನ್ನು ಮೊದಲೇ ಬಾಡಿಸಿ ಬೇಯಿಸುವುದು. ಹಾಲು ಒಗ್ಗದವರು ತೆಂಗಿನಕಾಯಿಯ ಹಾಲು ಬಳಸಬಹುದು.

ಮೆಣಸಿನ ಪುಡಿಯನ್ನು ಪಂಕ್ತಿಯಲ್ಲಿ ಬೇರೆಯಾಗಿ ಇಟ್ಟರೆ, ಕಾರ ಬೇಕಾದವರು ಉದುರಿಸಿಕೊಳ್ಳುತ್ತಾರೆ. ಮಕ್ಕಳಿಗೂ ವೃದ್ಧರಿಗೂ ತೊಂದರೆಯಿಲ್ಲ. ರಕ್ತದೊತ್ತಡವುಳ್ಳವರ ಬಟ್ಟಲಿಗೆ ಉಪ್ಪು ಕಡಿಮೆಯಿರಲಿ. ಕುಂಬಳದಲ್ಲಿ ಪೊಟ್ಯಾಸಿಯಂ ಇರುವುದರಿಂದ ಮೂತ್ರಪಿಂಡದ ತೊಂದರೆಯುಳ್ಳವರು ವೈದ್ಯರನ್ನು ಕೇಳಿಯೇ ಸೇವಿಸತಕ್ಕದ್ದು. ನುಂಗುವಾಗ ಪದೇಪದೇ ಕೆಮ್ಮುವ ಹಿರಿಯರಿದ್ದರೆ ಅವರನ್ನು ಮಲಗಿಸಿ ಕುಡಿಸಬಾರದು. ಎಷ್ಟು ಗಟ್ಟಿಯಿರಬೇಕೆಂಬುದನ್ನೂ ವೈದ್ಯರಿಂದಲೇ ತಿಳಿಯಬೇಕು.

ಈ ಸೂಪನ್ನು ಇತರರಿಗೆ ರೊಟ್ಟಿಯೊಡನೆ, ಅಜ್ಜ-ಅಜ್ಜಿಯರಿಗೆ ಮೆತ್ತಗಿನ ಅನ್ನ ಕಲಸಿ ಬಡಿಸಬಹುದು. ಮೊದಲ ಸೌಟು ಹಿರಿಯರ ಬಟ್ಟಲಿಗೆ ಬೀಳಲಿ. ಅವರು ಪಂಕ್ತಿಯ ನಡುವೆಯೇ ಕುಳಿತು ಉಣ್ಣಲಿ.