ವೈಫೈ ಡಬ್ಬಿಯ ರೋಗಪರೀಕ್ಷೆ

ಮನೆಗೆ ಬಂದ ಬೀಗರಿಗೆ ಮೊದಲು ಕಾಲಿಗೆ ನೀರು, ಆಮೇಲೆ ಕುಡಿಯಲಿಕ್ಕೆ ನೀರು ಕೊಡುವದು ನಮ್ಮ ಕಡೆಯ ಪದ್ಧತಿ. ಈಗ ಈ ಎರಡರ ನಡುವೆ ವೈಫೈಯ ಪಾಸ್‌ವರ್ಡನ್ನೂ ಕೊಡಬೇಕಾಗಿದೆ. ನಗುವವರು ನಗಲಿ. ಆದರೆ ಮಕ್ಕಳ ಪಾಠ, ಹಿರಿಯರ ನಿವೃತ್ತಿವೇತನದ ಪ್ರಮಾಣಪತ್ರ, ಬ್ಯಾಂಕಿನ ವ್ಯವಹಾರ, ಮನೆಯಲ್ಲಿಯೇ ಕುಳಿತು ಮಾಡುವ ಉದ್ಯೋಗ ಇವೆಲ್ಲವೂ ಅಂಗೈಯಗಲದ ಒಂದು ಡಬ್ಬಿಯನ್ನು ನಂಬಿಕೊಂಡಿರುವಾಗ, ಅದರ ದೀಪಗಳ ಭಾಷೆಯನ್ನು ಗೃಹಸ್ಥರು ತುಸುವಾದರೂ ಅರಿತಿರುವದು ಅವಶ್ಯವೆಂದು ನಮಗೆ ತೋರುತ್ತದೆ. ರೂಟರ್ ಎಂಬ ಈ ಡಬ್ಬಿ ಪೂರ್ತಿ ಕೆಟ್ಟರೆ ಅಂಥ ಚಿಂತೆಯಿಲ್ಲ, ಹೊಸದನ್ನು ತಂದರಾಯಿತು. ಒಮ್ಮೆ ನಡೆದು ಒಮ್ಮೆ ನಿಲ್ಲುವ ಡಬ್ಬಿಯೇ ಮನೆಮಂದಿಯ ಜೀವ ಹಿಂಡತಕ್ಕದ್ದು.

ಹುಬ್ಬಳ್ಳಿಯ ಬೆಂಗೇರಿಯಲ್ಲಿ ನಮ್ಮ ಪರಿಚಯದವರ ಮನೆಯೊಂದರಲ್ಲಿ ಇತ್ತೀಚೆಗೆ ನಡೆದ ಸಂಗತಿಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಮನೆಯ ಯಜಮಾನರು ನಿವೃತ್ತ ಶಿಕ್ಷಕರು. ಮೂತ್ರಪಿಂಡದ ವ್ಯಾಧಿಯ ಮೂಲಕ ವಾರಕ್ಕೆ ಎರಡು ಸಲ ಡಯಾಲಿಸಿಸ್‌ಗೆ ಹೋಗಬೇಕು. ಅವರನ್ನು ಕರೆದೊಯ್ದು ಕರೆತರುವವಳು ಮಗಳು. ಆಕೆ ಪುಣೆಯ ಒಂದು ಕಂಪನಿಯ ಕೆಲಸವನ್ನು ಮನೆಯಿಂದಲೇ ಮಾಡುವಳು. ಔಷಧದ ಖರ್ಚು ಸಾಗುವದು ಆ ಸಂಬಳದ ಮೇಲೆಯೇ. ಸಭೆಯ ನಡುವೆ ಆಕೆಯ ಮುಖವು ಪರದೆಯಿಂದ ಪದೇ ಪದೇ ಮಾಯವಾಗತೊಡಗಲು, ಮೇಲಧಿಕಾರಿಗಳು ಎರಡು ಸಲ ಎಚ್ಚರಿಕೆ ಕೊಟ್ಟು, ಮೂರನೆಯ ಸಲ ‘ಪುಣೆಗೇ ಬಂದು ಇರತಕ್ಕದ್ದು’ ಎಂದು ಬರೆದರು. ಅಷ್ಟರಲ್ಲಿ ಮನೆಯವರು ಒಂದೇ ವರ್ಷದಲ್ಲಿ ಮೂರನೆಯ ಡಬ್ಬಿಯನ್ನು ತಂದಾಗಿತ್ತು. ಕಂಪನಿಯ ಹುಡುಗ ಎರಡು ಸಲ ಬಂದು ನೋಡಿದನು. ವೈದ್ಯನ ಮುಂದೆ ಹಲ್ಲುನೋವು ನಿಲ್ಲುವಂತೆ, ಅವನ ಮುಂದೆ ಎಲ್ಲವೂ ಸರಿಯಾಗಿತ್ತು. ಮಗನು ಕಂಪನಿಯನ್ನು ಬೈದನು. ತಾಯಿ ನೆರೆಮನೆಯವರು ನೆಟ್ಟು ಕದಿಯುವರೆಂದು ಸಂಶಯಪಟ್ಟರು. ಯಜಮಾನರು ಮಾತ್ರ ನಮ್ಮನ್ನು ಕಂಡು, “ಮೂರು ಡಬ್ಬಿ ಆದವರಿ, ಇನ್ನ ಏನ್ ಬದಲಿ ಮಾಡೂದು ಉಳೀತು?” ಎಂದು ಕೇಳಿದರು.

ಬದಲಿ ಮಾಡುವದಕ್ಕಿಂತ ಮೊದಲು ಬಿಡಿಸಿ ನೋಡುವದು ಉಳಿದಿತ್ತು. ಬೆಂಗೇರಿಯೆಂದರೆ ರಾಷ್ಟ್ರಧ್ವಜವನ್ನು ಸಿದ್ಧಪಡಿಸುವ ಊರು. ೧೯೫೭ರಲ್ಲಿ ಸ್ಥಾಪಿತವಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವು ಇರುವದು ಇಲ್ಲಿಯೇ. ಧ್ವಜವು ಚೆನ್ನಾಗಿದೆಯೇ ಇಲ್ಲವೇ ಎಂದು ಒಟ್ಟಿಗೆ ನೋಡಿ ಅಲ್ಲಿ ತೀರ್ಮಾನಿಸುವದಿಲ್ಲ. ನೂಲು ಬೇರೆ, ಬಣ್ಣ ಬೇರೆ, ಅಳತೆ ಬೇರೆ, ಹೊಲಿಗೆ ಬೇರೆ ಪರೀಕ್ಷೆಯಾಗಬೇಕು. ಮನೆಯ ನೆಟ್ಟಿನ ಪರೀಕ್ಷೆಯೂ ಹಾಗೆಯೇ ನಡೆಯಬೇಕು. ಅದು ಬರುವ ದಾರಿಯಲ್ಲಿ ಮೂರು ತುಂಡುಗಳಿವೆ. ಬೀದಿಯ ಕಂಬದಿಂದ ಮನೆಯ ವರೆಗೆ ಬರುವ ಕೂದಲಿನಂಥ ಗಾಜಿನ ಎಳೆ ಮೊದಲನೆಯದು. ಇದಕ್ಕೆ ಫೈಬರ್ ಎನ್ನುವರು. ಡಬ್ಬಿಯೂ ಅದಕ್ಕೆ ವಿದ್ಯುತ್ತನ್ನು ಉಣಿಸುವ ಅಡಾಪ್ಟರೂ ಕೂಡಿ ಎರಡನೆಯದು. ಡಬ್ಬಿಯಿಂದ ನಮ್ಮ ಕೈಯೊಳಗಿನ ಫೋನಿನ ವರೆಗಿನ ಗಾಳಿಯೇ ಮೂರನೆಯದು.

ಮೊದಲನೆಯ ತುಂಡನ್ನು ದೀಪವೇ ಹೇಳಿಬಿಡುವದು. ಎಲ್.ಓ.ಎಸ್. ಎಂದು ಬರೆದಲ್ಲಿ ಕೆಂಪು ದೀಪ ಹೊತ್ತಿದರೆ ಬೀದಿಯ ಬೆಳಕು ಡಬ್ಬಿಗೆ ಮುಟ್ಟುತ್ತಿಲ್ಲವೆಂದೇ ಅರ್ಥ. ಎಳೆಯು ಹರಿದಿರಬಹುದು, ಅಥವಾ ಕಪಾಟಿನ ಹಿಂದೆ ಸಿಕ್ಕು ಚೂಪಾಗಿ ಬಾಗಿರಬಹುದು; ಬಹಳ ಬಾಗಿದಲ್ಲಿ ಗಾಜಿನೊಳಗಿನ ಬೆಳಕು ಹೊರಗೆ ಸೋರಿಹೋಗುವದು. ಎಳೆಯನ್ನು ಜಗ್ಗದೆ, ತುದಿಯೊಳಗೆ ಕಣ್ಣಿಟ್ಟು ನೋಡದೆ, ಕಂಪನಿಗೆ ತಿಳಿಸುವದೇ ಮಾರ್ಗ. ದೀಪ ಹಸಿರಿದ್ದೂ ನೆಟ್ಟು ನಿಲ್ಲುತ್ತಿದ್ದರೆ, ಹತ್ತು ಮೊಳದ ಲ್ಯಾನ್ ಕೇಬಲ್ಲನ್ನು ಡಬ್ಬಿಗೂ ಕಂಪ್ಯೂಟರಿಗೂ ಸಿಕ್ಕಿಸಿ ನೋಡಬೇಕು. ತಂತಿಯಲ್ಲಿ ಸರಿಯಾಗಿ ನಡೆದು ಗಾಳಿಯಲ್ಲಿ ಮಾತ್ರ ನಿಂತರೆ ದೋಷವು ಮೂರನೆಯ ತುಂಡಿನಲ್ಲಿದೆ. ತಂತಿಯಲ್ಲಿಯೂ ನಿಂತರೆ ಗಾಳಿಯನ್ನು ದೂರುವ ಕಾರಣವಿಲ್ಲ. ಇಷ್ಟು ಸುಲಭವಾದ ಪರೀಕ್ಷೆಯನ್ನು ಬಹಳ ಮಂದಿ ಮಾಡುವದೇ ಇಲ್ಲ, ಹೊಸ ಡಬ್ಬಿಗೆ ಮಾತ್ರ ಹಣ ತೆರುವರು.

ಬಿಟ್ಟು ಬಿಟ್ಟು ಬರುವ ಜ್ವರಕ್ಕೆ ವೈದ್ಯರು ಪಟ್ಟಿ ಬರೆದಿಡಲು ಹೇಳುವಂತೆ, ನಾವು ಆ ಯಜಮಾನರಿಗೆ ಒಂದು ವಹಿಯನ್ನು ಇಡಲು ಹೇಳಿದೆವು. ನೆಟ್ಟು ನಿಂತ ವೇಳೆ, ಆಗ ಯಾವ ದೀಪ ಹೇಗಿತ್ತು, ತಂತಿಯಲ್ಲಿ ನಡೆಯಿತೇ, ಮನೆಯಲ್ಲಿ ಆ ಹೊತ್ತಿಗೆ ಏನು ನಡೆದಿತ್ತು, ಇಷ್ಟೇ ಕಲಮುಗಳು. ಮೂವತ್ತು ವರ್ಷ ಹಾಜರಿ ಪುಸ್ತಕ ಬರೆದ ಕೈ. ಹನ್ನೆರಡು ದಿವಸಗಳಲ್ಲಿ ಒಂಬತ್ತು ದಾಖಲೆಗಳಾದವು. ಅವುಗಳಲ್ಲಿ ಒಂದು ಮಾತ್ರ ಕೆಂಪು ದೀಪದ್ದು. ಅಂದು ಓಣಿಯಲ್ಲಿ ತಗ್ಗು ತೋಡಿದ್ದರು. ಉಳಿದ ಎಂಟರಲ್ಲಿ ಎಲ್ಲ ದೀಪಗಳೂ ಒಮ್ಮೆಲೆ ಆರಿ ಮರಳಿ ಒಂದೊಂದಾಗಿ ಹೊತ್ತಿದ್ದವು. ಅಂದರೆ ಡಬ್ಬಿಯು ಸತ್ತು ಹುಟ್ಟುತ್ತಿತ್ತು. ಹಾಗೆ ಹುಟ್ಟುವದಕ್ಕೆ ಎರಡು-ಮೂರು ನಿಮಿಷ ಬೇಕು. ವೇಳೆಗೆ ಮಾತ್ರ ತಾಳವಿರಲಿಲ್ಲ: ಒಮ್ಮೆ ಮುಂಜಾನೆ, ಒಮ್ಮೆ ಮಧ್ಯಾಹ್ನ, ಒಮ್ಮೆ ದೀಪ ಹಚ್ಚುವ ಹೊತ್ತು. ವಹಿಯನ್ನು ಓದಿ ಗುಟ್ಟು ಹಿಡಿದವರು ಮನೆಯ ತಾಯಿಯವರು. “ಆವತ್ತ ಬೀಗರು ಬಂದಿದ್ರು, ನಾನ ಮೋಟರ್ ಹಾಕಿದ್ದೆ. ಈ ಶುಕ್ರವಾರನೂ ಹಾಕಿದ್ದೆ” ಎಂದು ಅವರು ಬೆರಳಿಟ್ಟು ತೋರಿಸುತ್ತ ಹೋದರು. ಅವರ ಓಣಿಗೆ ನಲ್ಲಿಯ ನೀರು ಬರುವದು ನಾಲ್ಕೈದು ದಿವಸಕ್ಕೊಮ್ಮೆ. ಅದನ್ನು ನೆಲದೊಳಗಿನ ಟಾಕಿಯಲ್ಲಿ ತುಂಬಿಟ್ಟು, ಮಾಳಿಗೆಯ ಟಾಕಿ ಬರಿದಾದಾಗಲೆಲ್ಲ ಮೋಟರಿನಿಂದ ಏರಿಸುವರು. ಬರಿದಾಗುವದಕ್ಕೆ ಗಳಿಗೆಯ ನಿಯಮವೆಲ್ಲಿಯದು?

ನೀರಿನ ಮೋಟರು ತಿರುಗಲಾರಂಭಿಸುವ ಆ ಕ್ಷಣದಲ್ಲಿ, ತಾನು ಓಡುವಾಗ ಎಳೆಯುವ ವಿದ್ಯುತ್ತಿಗಿಂತ ಐದಾರು ಪಟ್ಟು ಹೆಚ್ಚು ಎಳೆಯುತ್ತದೆ. ಆಗ ಮನೆಯ ದೀಪಗಳು ಕಣ್ಣು ಮಿಟುಕಿಸುವದನ್ನು ಎಲ್ಲರೂ ಕಂಡಿರುವರು. ಒಳ್ಳೇ ಅಡಾಪ್ಟರು ಈ ಕುಸಿತವನ್ನು ನುಂಗಿಕೊಂಡು ಡಬ್ಬಿಗೆ ಸಮವಾಗಿ ಉಣಿಸುವದು. ಬೇಸಿಗೆಯ ಕಾವಿನಲ್ಲಿ ವರ್ಷಗಟ್ಟಲೆ ಬೆಂದು ಒಳಗಿನ ಕೆಪ್ಯಾಸಿಟರು ಸೊರಗಿದ ಅಡಾಪ್ಟರಿಗೆ ಅದು ಸಾಧ್ಯವಾಗದು. ಈ ಮನೆಯಲ್ಲಿ ಮೂರು ಡಬ್ಬಿಗಳು ಬದಲಾದರೂ ಅಡಾಪ್ಟರು ಮೊದಲಿನದೇ ಇತ್ತು! ಅದರ ಬುಡವು ಕಬ್ಬಿಣದ ಕಪಾಟಿನ ಹಿಂದೆ ಕೈಗೆಟುಕದ ಬೋರ್ಡಿನಲ್ಲಿ ಸಿಕ್ಕಿಕೊಂಡದ್ದರಿಂದ, ತುದಿಯ ಪಿನ್ನು ಹೊಂದುವದಲ್ಲಾ ಎಂದು ಪ್ರತಿ ಸಲವೂ ಅದನ್ನೇ ಚುಚ್ಚಿದ್ದರು. ಹೊಸ ಡಬ್ಬಿಯ ಬೆನ್ನ ಮೇಲೆ ೧೨ ವೋಲ್ಟ್, ೧.೫ ಆಂಪಿಯರ್ ಎಂದಿತ್ತು. ಹಳೆಯ ಅಡಾಪ್ಟರಿನ ಮೇಲೆ ೧೨ ವೋಲ್ಟ್, ೧ ಆಂಪಿಯರ್. ವೋಲ್ಟು ಎರಡರಲ್ಲಿಯೂ ಒಂದೇ ಇರಬೇಕು. ಆಂಪಿಯರು ಡಬ್ಬಿಯಲ್ಲಿ ಬರೆದಷ್ಟಾದರೂ ಇರಬೇಕು, ಹೆಚ್ಚಿದ್ದರೆ ಬಾಧೆಯಿಲ್ಲ. ಪಿನ್ನು ಒಳಹೊಕ್ಕಿತೆಂದ ಮಾತ್ರಕ್ಕೆ ಜೋಡಿ ಕೂಡಿತೆಂದು ತಿಳಿಯಬಾರದು. ಸರಿಯಾದ ಅಡಾಪ್ಟರು ಅಟ್ಟದ ಮೇಲಿನ ರಟ್ಟಿನ ಪೆಟ್ಟಿಗೆಯಲ್ಲಿ, ಸುತ್ತಿದ ದಾರವನ್ನೂ ಬಿಚ್ಚದೆ ಮಲಗಿತ್ತು. ಅದನ್ನು ತಂದು ಮೋಟರಿನ ಸಂಬಂಧವಿಲ್ಲದ ಬೇರೊಂದು ಪ್ಲಗ್ಗಿಗೆ ಹಾಕಿದ ಮೇಲೆ ಮೋಟರು ಎಷ್ಟು ಸಲ ಚಾಲೂ ಆದರೂ ಡಬ್ಬಿಯು ಜಗ್ಗಲಿಲ್ಲ. ವಿದ್ಯುತ್ತೇ ಹೋಗುವ ಹೊತ್ತಿಗಾಗಿ ಡಬ್ಬಿಗೆಂದೇ ಸಿಗುವ ಸಣ್ಣ ಯು.ಪಿ.ಎಸ್. ಒಂದನ್ನು ಇಡುವದು ಉತ್ತಮ. ಅದಕ್ಕೂ ಇದೇ ವೋಲ್ಟು-ಆಂಪಿಯರಿನ ನಿಯಮ.

ಇಲ್ಲಿಗೆ ದೊಡ್ಡ ರೋಗ ಹೋಯಿತು, ಸಣ್ಣದೊಂದು ಉಳಿಯಿತು. ಮಗಳು ಕೆಲಸ ಮಾಡುವದು ಮಾಳಿಗೆಯ ಹಿಂದಿನ ಕೋಣೆಯಲ್ಲಿ. ಡಬ್ಬಿ ಇರುವದು ಪಡಸಾಲೆಯಲ್ಲಿ. ನಡುವೆ ಹಳೆಯ ಕಾಲದ ಮೊಳದಗಲದ ಕಲ್ಲಿನ ಗೋಡೆ. ಜಗದೀಶಚಂದ್ರ ಬೋಸರು ೧೮೯೫ರಲ್ಲಿ ಕಲಕತ್ತೆಯಲ್ಲಿ ಇಂಥ ಅದೃಶ್ಯ ಅಲೆಗಳನ್ನು ಗೋಡೆ ದಾಟಿಸಿ ಗಂಟೆ ಬಾರಿಸಿದ್ದುಂಟು. ಆದರೆ ಎಲ್ಲ ಅಲೆಗಳೂ ಎಲ್ಲ ಗೋಡೆಗಳನ್ನೂ ಒಂದೇ ಬಗೆಯಾಗಿ ದಾಟಲಾರವು. ೧೯೫೦ರ ಜನವರಿ ೮ರಂದು ಆರಂಭವಾದ ಧಾರವಾಡ ಆಕಾಶವಾಣಿಯ ೭೬೫ ಕಿಲೋಹರ್ಟ್ಸಿನ ಅಲೆಯ ಉದ್ದವು ಸುಮಾರು ೩೯೨ ಮೀಟರು. ಮನೆ-ಮಠಗಳು ಅದಕ್ಕೆ ಲೆಕ್ಕಕ್ಕಿಲ್ಲ. ವೈಫೈಯ ೨.೪ ಗಿಗಾಹರ್ಟ್ಸ್ ಅಲೆಯಾದರೋ ಗೇಣಿಗಿಂತ ಚಿಕ್ಕದು, ಸುಮಾರು ೧೨ ಸೆಂಟಿಮೀಟರು. ೫ ಗಿಗಾಹರ್ಟ್ಸಿನದು ಅದರರ್ಧ. ಎರಡನೆಯದು ವೇಗಕ್ಕೆ ಒಳ್ಳೆಯದು, ಗೋಡೆ ದಾಟುವದಕ್ಕೆ ಮೊದಲನೆಯದೇ ವಾಸಿ. ಕಬ್ಬಿಣದ ಕಪಾಟು, ಫ್ರಿಜ್ಜು, ದೊಡ್ಡ ಕನ್ನಡಿ, ತುಂಬಿದ ನೀರಿನ ಟಾಕಿ ಇವು ಎರಡಕ್ಕೂ ವೈರಿಗಳು. ಮೈಕ್ರೋವೇವ್ ಒಲೆಯೂ ಸುಮಾರು ೨.೪೫ ಗಿಗಾಹರ್ಟ್ಸಿನಲ್ಲಿಯೇ ನಡೆಯುವದರಿಂದ, ಅನ್ನ ಬಿಸಿಮಾಡುವಾಗ ನೆಟ್ಟು ತೊದಲುವದು ಸೋಜಿಗವಲ್ಲ. ಡಬ್ಬಿಯನ್ನು ಮನೆಯ ನಡುವೆ, ಎದೆಮಟ್ಟಕ್ಕಿಂತ ಮೇಲೆ, ತೆರವಾದ ಸ್ಥಳದಲ್ಲಿಡಬೇಕು. ಅದರ ಕೋಲಿನಿಂದ ಅಲೆಗಳು ಹರಡುವ ಆಕಾರ ಉದ್ದಿನ ವಡೆಯದು: ವಡೆಯ ತೂತಿನಲ್ಲಿ ಕೋಲು ನಿಂತಿದೆಯೆಂದು ಭಾವಿಸಿದರೆ ಸುತ್ತಲೂ ಹಿಟ್ಟಿದೆ, ತುದಿಯ ನೇರಕ್ಕೆ ಬರಿದು. ಒಂದೇ ಅಂತಸ್ತಿನ ಮನೆಗೆ ಕೋಲು ನೆಟ್ಟಗಿರಲಿ. ಎರಡು ಕೋಲುಗಳಿದ್ದು ಮಾಳಿಗೆಗೂ ಬೇಕಾದರೆ ಒಂದನ್ನು ಅಡ್ಡ ಮಲಗಿಸಿ ನೋಡಬಹುದು.

ಒತ್ತಾದ ಓಣಿಗಳಲ್ಲಿ ಇನ್ನೊಂದು ತೊಡಕು. ಹಿಂದಕ್ಕೆ ಮನೆಯಲ್ಲಿ ರೇಡಿಯೋ ಇಡುವದಕ್ಕೂ ಟಪಾಲ ಕಚೇರಿಯಲ್ಲಿ ಲೈಸೆನ್ಸು ಪಡೆಯಬೇಕಾಗಿತ್ತು; ೨.೪ ಗಿಗಾಹರ್ಟ್ಸಿನ ವೈಫೈಗೆ ನಮ್ಮ ದೇಶದಲ್ಲಿ ೨೦೦೫ರಿಂದ ಆ ಗೊಡವೆಯಿಲ್ಲ. ಆದ್ದರಿಂದ ಅಲ್ಲಿ ಸಂತೆಯ ಗದ್ದಲ. ಒಂದೇ ಸಾಲಿನಲ್ಲಿ ಹತ್ತು ಮಂದಿ ಬದನೆಕಾಯಿಯ ಧಾರಣೆ ಕೂಗಿದರೆ ಯಾರದೂ ಕೇಳಿಸದು. ಈ ಸಂತೆಯಲ್ಲಿ ಚಾನೆಲ್ಲುಗಳೆಂಬ ೧೩ ಕಟ್ಟೆಗಳಿದ್ದರೂ ಅವು ಒಂದರ ಮೇಲೊಂದು ಚಾಚಿಕೊಂಡಿವೆ. ಒಂದಕ್ಕೊಂದು ತಗಲದಂತೆ ಕೂಡ್ರಬೇಕಾದರೆ ೧, ೬, ೧೧ ಎಂಬ ಮೂರನ್ನೇ ಆರಿಸಬೇಕು. ನೆರೆಯವರು ಯಾವುದರಲ್ಲಿರುವರೆಂಬದನ್ನು ಫೋನಿನ ವೈಫೈ ಅನಲೈಸರ್ ಆಪಿನಿಂದ ನೋಡಿ, ತೆರವಾದುದನ್ನು ಹಿಡಿಯುವದು ಜಾಣತನ.

ಡಬ್ಬಿಯ ಹಿಂದೆ ಸೂಜಿ ತೂರುವಷ್ಟು ಸಣ್ಣ ರಂಧ್ರವೊಂದಿದೆ. ಬೇಸತ್ತ ಹುಡುಗರ ಕೈ ಮೊದಲು ಹೋಗುವದು ಅಲ್ಲಿಗೇ. ಆರಿಸಿ ಹೊತ್ತಿಸುವದು ಬೇರೆ, ಈ ರಂಧ್ರದೊಳಗಿನ ಗುಂಡಿಯನ್ನು ಒತ್ತಿಹಿಡಿಯುವದು ಬೇರೆ. ಇದನ್ನು ಒತ್ತಿದರೆ ಕಂಪನಿಯವರು ತುಂಬಿಸಿದ ಹೆಸರು, ಪಾಸ್‌ವರ್ಡು ಮುಂತಾದ ಸಕಲವೂ ಅಳಿಸಿಹೋಗಿ, ಅವರ ಮನುಷ್ಯ ಬರುವ ವರೆಗೆ ಮನೆಯು ಮೌನವ್ರತ ಹಿಡಿಯಬೇಕಾದೀತು. ಆ ವಿವರಗಳನ್ನು ವಹಿಯ ಮೊದಲ ಪುಟದಲ್ಲಿಯೇ ಬರೆದಿಟ್ಟು, ಅನಂತರ ಬೇಕಾದರೆ ಮುಟ್ಟಬೇಕು.

ಬೆಂಗೇರಿಯ ಮನೆಯಲ್ಲಿ ಕಲ್ಲುಗೋಡೆಗೆ ಕೋಲು ತಿರುಗಿಸಿಯೂ ಚಾನೆಲ್ ಬದಲಿಸಿಯೂ ಪೂರ್ತಿ ಗುಣ ಕಾಣಲಿಲ್ಲ. ಕೊನೆಗೆ ಕಿಡಕಿಯ ಸಂದಿಯಿಂದ ಲ್ಯಾನ್ ಕೇಬಲ್ಲನ್ನು ಮಾಳಿಗೆಗೆ ಏರಿಸಿ, ಕೆಟ್ಟಿತೆಂದು ಮೂಲೆಗೆ ಹಾಕಿದ್ದ ಎರಡನೆಯ ಡಬ್ಬಿಯನ್ನು ಅದರದೇ ಅಡಾಪ್ಟರಿನೊಡನೆ ಅಲ್ಲಿ ಕೂಡ್ರಿಸಲಾಯಿತು. ಒಂದೇ ಮನೆಯಲ್ಲಿ ಎರಡು ಡಬ್ಬಿಗಳು ಯಜಮಾನಿಕೆ ಮಾಡಿ ಬೇರೆ ಬೇರೆ ವಿಳಾಸ ಹಂಚಿದರೆ ಹೊಸ ಕಲಹ ಹುಟ್ಟುವದಾದ್ದರಿಂದ, ಮೇಲಿನದನ್ನು ಬರಿಯ ‘ಆಕ್ಸೆಸ್ ಪಾಯಿಂಟ್’ ಆಗಿರುವಂತೆ ಗೊತ್ತುಮಾಡಿದರು. ಮಗಳು ಪುಣೆಯವರಿಗೆ ಒಂದು ತಿಂಗಳ ಅವಧಿ ಕೇಳಿದ್ದಳು. ಆ ತಿಂಗಳಲ್ಲಿ ಒಂದು ಸಭೆಯೂ ತಪ್ಪದ್ದರಿಂದ ಅವರು ಮತ್ತೆ ಆ ಮಾತೆತ್ತಲಿಲ್ಲ. ಯಜಮಾನರ ಡಯಾಲಿಸಿಸ್ ಮೊದಲಿನಂತೆಯೇ ಆಕೆಯ ಸಂಗಡ ಸಾಗಿದೆ. ಮೊದಲನೆಯ ಡಬ್ಬಿಯನ್ನು ಮಾತ್ರ ಅಷ್ಟರಲ್ಲಿ ಗುಜರಿಯವನಿಗೆ ತೂಗಿ ಕೊಟ್ಟಾಗಿತ್ತು.