ಎದ್ದೊಡನೆ ಗಣಕಯಂತ್ರಕ್ಕೆ ನೆನಪಾಗುವುದೇನು?

ನಮ್ಮ ನೆರೆಮನೆಯಲ್ಲಿ ಪದವಿಯ ಕೊನೆಯ ವರ್ಷದಲ್ಲಿ ಓದುತ್ತಿರುವ ವಿದ್ಯಾರ್ಥಿಯೊಬ್ಬನಿದ್ದಾನೆ. ಒಂದು ಸಂಜೆ ಆತನು ಮುಖ ಬಾಡಿಸಿಕೊಂಡು ಬಂದು, "ಮೇಷ್ಟ್ರೇ, ನನ್ನ ಕಂಪ್ಯೂಟರಿಗೆ ಏನೋ ರೋಗ ತಗಲಿದೆ. ಕಿಟಕಿಗಳಿಗೆ ತಲೆಯೇ ಇಲ್ಲ" ಎಂದನು. ಹೋಗಿ ನೋಡಿದೆನು. ಹುಡುಗನ ಮಾತು ನಿಜವಾಗಿತ್ತು. ಪರದೆಯ ಮೇಲೆ ತೆರೆಯುವ ಪ್ರತಿಯೊಂದು ಕಿಟಕಿಯ ನೆತ್ತಿಯಲ್ಲಿಯೂ ಹೆಸರಿನ ಪಟ್ಟಿಯೊಂದು ಇರಬೇಕಷ್ಟೆ. ಮುಚ್ಚುವ, ಕುಗ್ಗಿಸುವ ಗುಂಡಿಗಳಿರುವುದು ಅದರಲ್ಲಿಯೇ. ಆ ಪಟ್ಟಿ ಮಾಯವಾಗಿತ್ತು. ಕಿಟಕಿಗಳನ್ನು ಎಳೆಯುವಂತಿಲ್ಲ, ಸರಿಸುವಂತಿಲ್ಲ. ಎಲ್ಲವೂ ಪರದೆಯ ಎಡಮೂಲೆಯಲ್ಲಿ ಒಂದರ ಮೇಲೊಂದು ಬಿದ್ದಿದ್ದವು. ಎಷ್ಟು ಸಲ ಆರಿಸಿ ಮತ್ತೆ ಚಾಲೂ ಮಾಡಿದರೂ ಅದೇ ಪಾಡು. ಡಿಸ್ಕನ್ನು ಪೂರ್ತಿ ಅಳಿಸಿ ಎಲ್ಲವನ್ನೂ ಹೊಸದಾಗಿ ಹಾಕಿಬಿಡುವುದೆಂದು ಅವನು ನಿಶ್ಚಯಿಸಿದ್ದನು. ಆದರೆ ಅವನ ಪ್ರಾಜೆಕ್ಟಿನ ವರದಿಯೂ ಆ ಡಿಸ್ಕಿನಲ್ಲಿಯೇ ಇದ್ದಿತು. ಅದಕ್ಕೆ ಬೇರೊಂದು ಪ್ರತಿ ಇರಲಿಲ್ಲ!

ನಾವು ಮೊದಲು ಮಾಡಿದ ಕೆಲಸವೆಂದರೆ ಆ ವರದಿಯನ್ನು ಒಂದು ಪೆನ್‌ಡ್ರೈವಿಗೆ ನಕಲು ಮಾಡಿಕೊಂಡದ್ದು. ರೋಗವನ್ನು ಹುಡುಕಿದ್ದು ಆಮೇಲೆ.

ಗುಂಡಿಯನ್ನು ಒತ್ತಿದ ಕ್ಷಣದಿಂದ ಕೆಲಸಕ್ಕೆ ಸಿದ್ಧವಾಗುವವರೆಗೆ ಗಣಕಯಂತ್ರವು ಹಲವು ಮೆಟ್ಟಿಲುಗಳನ್ನು ಏರುತ್ತದೆ. ಮುಖ್ಯಫಲಕದ ಚಿಪ್ಪಿನಲ್ಲಿ ಬರೆದಿಟ್ಟ ಪುಟ್ಟ ಪ್ರೋಗ್ರಾಂ ಮೊದಲು ಎಚ್ಚರಗೊಂಡು ಯಂತ್ರಾಂಗಗಳನ್ನು ಪರೀಕ್ಷಿಸುತ್ತದೆ. ಅದು ಡಿಸ್ಕಿನಿಂದ ಕಾರ್ಯಾಚರಣ ವ್ಯವಸ್ಥೆಯ ತಿರುಳನ್ನು ಕರೆಯಿಸುತ್ತದೆ. ಆ ತಿರುಳು ಹಿನ್ನೆಲೆಯ ಸೇವೆಗಳನ್ನು ಒಂದೊಂದಾಗಿ ಎಬ್ಬಿಸುತ್ತದೆ. ಇಷ್ಟಾದ ಮೇಲೆ ಪಾಸ್‌ವರ್ಡ್ ಕೇಳುವ ಪರದೆ ಬರುತ್ತದೆ. ಇಲ್ಲಿಯವರೆಗೆ ನಡೆದುದೆಲ್ಲವೂ ಆ ಯಂತ್ರವನ್ನು ಬಳಸುವ ಎಲ್ಲರಿಗೂ ಸಮಾನ. ಪಾಸ್‌ವರ್ಡ್ ಕೊಟ್ಟ ಬಳಿಕ ನಡೆಯುವುದಾದರೋ ಬಹುಮಟ್ಟಿಗೆ ನಿಮ್ಮೊಬ್ಬರದು. ಆದುದರಿಂದ ತೊಂದರೆ ಕಾಣಿಸಿದ್ದು ಈ ಬಾಗಿಲಿನ ಆಚೆಯೋ ಈಚೆಯೋ ಎಂಬುದೇ ನಾವು ಕೇಳಬೇಕಾದ ಮೊದಲನೆಯ ಪ್ರಶ್ನೆ. ಇದನ್ನು ತಿಳಿಯಲು ಸುಲಭವಾದ ಪರೀಕ್ಷೆಯಿದೆ. ಅದೇ ಯಂತ್ರದಲ್ಲಿ ಹುಡುಗನ ತಂಗಿಗೂ ಒಂದು ಖಾತೆಯಿದ್ದಿತು. ಆಕೆಯ ಪಾಸ್‌ವರ್ಡ್ ಕೊಟ್ಟು ಒಳಹೊಕ್ಕಾಗ ಕಿಟಕಿಗಳೆಲ್ಲವೂ ತಲೆಸಹಿತವಾಗಿ ಬಂದವು! ಅಲ್ಲಿಗೆ ಯಂತ್ರವೂ ವ್ಯವಸ್ಥೆಯೂ ಆರೋಗ್ಯವಾಗಿವೆ, ದೋಷವಿರುವುದು ಹುಡುಗನ ಸ್ವಂತ ಖಾತೆಯ ನೆನಪಿನಲ್ಲಿ ಎಂಬುದು ಖಚಿತವಾಯಿತು. ಡಿಸ್ಕನ್ನು ಅಳಿಸುವ ಮಾತು ಅಲ್ಲಿಗೇ ನಿಂತಿತು.

ಈ ನೆನಪು ಒಂದಲ್ಲ, ಎರಡು. ಇವೆರಡನ್ನೂ ಒಂದೇ ಎಂದು ತಿಳಿಯುವುದರಿಂದಲೇ ಅರ್ಧಕ್ಕರ್ಧ ಗೊಂದಲ ಹುಟ್ಟುತ್ತದೆ.

ಮೊದಲನೆಯದು ವರ್ತನೆಯ ಹಾಲಿನಂತೆ. ಒಮ್ಮೆ ಹೇಳಿಟ್ಟರೆ ಸಾಕು, ನೀವು ಊರಿನಲ್ಲಿರಲಿ ಇಲ್ಲದಿರಲಿ, ಬೇಡವೆನ್ನುವವರೆಗೂ ದಿನವೂ ಮನೆಬಾಗಿಲಿಗೆ ಬರುತ್ತದೆ. ಲಿನಕ್ಸ್ ವ್ಯವಸ್ಥೆಯಲ್ಲಿ ಈ ಅಪ್ಪಣೆಗಳು ಪುಟ್ಟ ಪುಟ್ಟ ಪಠ್ಯಕಡತಗಳಾಗಿ 'ಆಟೋಸ್ಟಾರ್ಟ್' ಎಂಬ ಫೋಲ್ಡರುಗಳಲ್ಲಿರುತ್ತವೆ. ಎಲ್ಲರಿಗೂ ಸೇರಿದ್ದು ಒಂದು, ಪ್ರತಿಯೊಬ್ಬ ಬಳಕೆದಾರನ ಮನೆಯಲ್ಲಿ ಮತ್ತೊಂದು. ವಿಂಡೋಸ್‌ನಲ್ಲಿ 'ಸ್ಟಾರ್ಟಪ್' ಎಂಬ ಫೋಲ್ಡರಿದೆ. ಅದಲ್ಲದೆ 'ರಿಜಿಸ್ಟ್ರಿ' ಎಂಬ ದೊಡ್ಡ ದಫ್ತರದಲ್ಲಿಯೂ ಇಂತಹ ಸಾಲುಗಳು ಅಡಗಿರುತ್ತವೆ. ಹೊಸ ಪ್ರೋಗ್ರಾಮನ್ನು ಹಾಕಿಕೊಳ್ಳುವಾಗ ಅದು ನಿಮ್ಮನ್ನು ಸರಿಯಾಗಿ ಕೇಳದೆಯೇ ತನ್ನ ಹೆಸರನ್ನು ಇಲ್ಲಿ ಬರೆದುಕೊಳ್ಳುವುದುಂಟು. ಇದು ಸಭ್ಯತೆಯಲ್ಲವೆಂದು ನನ್ನ ಅಭಿಪ್ರಾಯ.

ಎರಡನೆಯ ನೆನಪಿಗೆ ಸೆಷನ್ ಎನ್ನುತ್ತಾರೆ. ಚದುರಂಗದ ಆಟವನ್ನು ನಡುವೆ ನಿಲ್ಲಿಸಬೇಕಾದಾಗ ಯಾವ ಕಾಯಿ ಯಾವ ಮನೆಯಲ್ಲಿತ್ತೆಂದು ಬರೆದಿಟ್ಟುಕೊಂಡು ಮರುದಿನ ಹಾಗೆಯೇ ಜೋಡಿಸುವುದಿಲ್ಲವೆ? ಇದೂ ಅಂತಹುದೇ. ಲಿನಕ್ಸ್ ಮತ್ತು ಯುನಿಕ್ಸ್ ಯಂತ್ರಗಳಲ್ಲಿ ಪರದೆಯ ವ್ಯವಹಾರವನ್ನು ಬಹುಕಾಲ ನಡೆಸಿಕೊಂಡು ಬಂದ 'ಎಕ್ಸ್' ವ್ಯವಸ್ಥೆಗೆ 1994ರ ಆವೃತ್ತಿಯಲ್ಲಿ ಇದಕ್ಕಾಗಿಯೇ ಒಂದು ನಿಯಮಾವಳಿ ಸೇರಿತು. ಅದರಂತೆ ನೀವು ಕೆಲಸ ಮುಗಿಸಿ ಹೊರಡುವಾಗ ಸೆಷನ್ ವ್ಯವಸ್ಥಾಪಕನು ಪ್ರತಿಯೊಂದು ಪ್ರೋಗ್ರಾಮಿಗೂ "ನಿನ್ನ ಸ್ಥಿತಿಯನ್ನು ಕಾಪಾಡಿಕೋ, ನಾಳೆ ನಿನ್ನನ್ನು ಯಾವ ಮಾತಿನಿಂದ ಎಬ್ಬಿಸಬೇಕು, ಹೇಳು" ಎಂದು ಕೇಳುತ್ತಾನೆ. ಬಂದ ಉತ್ತರಗಳನ್ನು ಒಂದು ಕಡತದಲ್ಲಿ ಬರೆದಿಡುತ್ತಾನೆ. ಈ ಭಾಷೆಯನ್ನರಿಯದ ಪ್ರೋಗ್ರಾಮುಗಳು ಉತ್ತರ ಕೊಡುವುದಿಲ್ಲ, ಮರುದಿನ ಬರುವುದೂ ಇಲ್ಲ. ಒಂದು ಕಿಟಕಿ ತಾನಾಗಿ ಮರಳುವುದು, ಇನ್ನೊಂದು ಮರಳದಿರುವುದು ಈ ಕಾರಣದಿಂದಲೇ.

ಇನ್ನೊಂದು ಮಾತನ್ನು ವಿದ್ಯಾರ್ಥಿಗಳು ಮರೆಯಬಾರದು. ಕಾಯಿಗಳ ಸ್ಥಾನವನ್ನು ಬರೆದಿಟ್ಟರೆ ಆಟಗಾರನ ತಲೆಯಲ್ಲಿದ್ದ ಆಲೋಚನೆ ಉಳಿಯುವುದಿಲ್ಲ. ಹಾಗೆಯೇ ಸೆಷನ್ನಿನಲ್ಲಿ ಉಳಿಯುವುದು ಯಾವ ಪ್ರೋಗ್ರಾಂ ತೆರೆದಿತ್ತೆಂಬ ಪಟ್ಟಿ; ನೀವು ಟೈಪು ಮಾಡಿ ಉಳಿಸದೆ ಬಿಟ್ಟ ಪುಟಗಳನ್ನು ಅದು ಕಾಯುತ್ತದೆಂದು ನಂಬುವಂತಿಲ್ಲ.

ಈಗ ಹುಡುಗನ ಪ್ರಸಂಗಕ್ಕೆ ಬರೋಣ. ಅವನ ಯಂತ್ರದಲ್ಲಿದ್ದುದು 'ಎಕ್ಸ್‌ಎಫ್‌ಸಿಇ' ಎಂಬ, ಹಳೆಯ ಯಂತ್ರಗಳಿಗೂ ಹೊರೆಯಾಗದ ಪರದೆಯ ವ್ಯವಸ್ಥೆ. ಅದರಲ್ಲಿ ಕಿಟಕಿಗಳಿಗೆ ತಲೆಪಟ್ಟಿಯನ್ನು ತೊಡಿಸಿ ಸರಿಸಾಡಿಸುವ ಕೆಲಸ ಪ್ರತ್ಯೇಕವಾದ ಮೇಲ್ವಿಚಾರಕ ಪ್ರೋಗ್ರಾಮಿನದು. ಹಿಂದಿನ ವಾರ ಹುಡುಗನು ಬೆಡಗಿಗಾಗಿ ಬೇರೊಂದು ಮೇಲ್ವಿಚಾರಕನನ್ನು ಪರೀಕ್ಷಿಸಿ, ಹಿಡಿಸದೆ, ಅದನ್ನು ನಿಲ್ಲಿಸಿದ್ದನು. ಹಳೆಯದನ್ನು ಮತ್ತೆ ಎಬ್ಬಿಸದೆಯೇ ಹೊರಟನು. ಹೊರಡುವಾಗ ಬರುವ ಪೆಟ್ಟಿಗೆಯಲ್ಲಿ, ಮುಂದಿನ ಸಲಕ್ಕೆ ಈ ಸೆಷನ್ನನ್ನು ಉಳಿಸಬೇಕೆ ಎಂದು ಕೇಳುವ ಚಿಕ್ಕ ಚೌಕವೊಂದಿದೆ. ಅದರಲ್ಲಿ ಗುರುತು ಬಿದ್ದಿತ್ತು. ಮೇಲ್ವಿಚಾರಕನೇ ಇಲ್ಲದ ಪಟ್ಟಿ ಕಡತಕ್ಕೆ ಸೇರಿತು. ಆಮೇಲೆ ಗುರುತು ಹಾಕದೆ ಹೊರಟರೂ ಹಳೆಯ ಕಡತ ಅಳಿಯುವುದಿಲ್ಲ. ಆದುದರಿಂದ ಯಂತ್ರವು ಪ್ರತಿದಿನವೂ ಅದೇ ಪಟ್ಟಿಯನ್ನು ಓದಿ, ಮೇಲ್ವಿಚಾರಕನನ್ನು ಬಿಟ್ಟು ಉಳಿದವರನ್ನೆಲ್ಲ ನಿಷ್ಠೆಯಿಂದ ಎಬ್ಬಿಸುತ್ತಿತ್ತು.

ಪರಿಹಾರಕ್ಕೆ ಎರಡು ನಿಮಿಷ ಸಾಕಾಯಿತು. 'ಸೆಷನ್ ಅಂಡ್ ಸ್ಟಾರ್ಟಪ್' ಎಂಬ ಹೊಂದಾಣಿಕೆಯ ಪುಟದಲ್ಲಿ ಉಳಿಸಿದ ಸೆಷನ್ನುಗಳನ್ನು ಅಳಿಸುವ ಗುಂಡಿಯನ್ನೊತ್ತಿದೆವು. ಚೌಕದ ಗುರುತನ್ನು ತೆಗೆದು ಹೊರಬಂದು ಮತ್ತೆ ಒಳಹೊಕ್ಕೆವು. ಹಿಂದಿನ ಕಡತವಿಲ್ಲದಾಗ ಯಂತ್ರವು ಮೂಲಪಟ್ಟಿಯನ್ನು ಅನುಸರಿಸುತ್ತದೆ. ಕಿಟಕಿಗಳಿಗೆ ತಲೆ ಬಂದಿತು.

ಇದು ಲಿನಕ್ಸಿಗೆ ಮಾತ್ರ ಸೇರಿದ ವಿಚಾರವಲ್ಲ. ಆಪಲ್ ಸಂಸ್ಥೆಯ ಮ್ಯಾಕ್ ಯಂತ್ರಗಳಲ್ಲಿ 2011ರಿಂದಲೂ ಇಂತಹುದೇ ಚೌಕವೊಂದಿದೆ. ವಿಂಡೋಸ್ 10ರಲ್ಲಿಯೂ 2017ರ ಪರಿಷ್ಕರಣದ ತರುವಾಯ ಕೆಲವು ಪ್ರೋಗ್ರಾಮುಗಳು ಯಂತ್ರವನ್ನು ಮರುಚಾಲನೆ ಮಾಡಿದಾಗ ತಾವಾಗಿಯೇ ತೆರೆಯಲಾರಂಭಿಸಿದವು. ಸ್ಟಾರ್ಟಪ್ ಪಟ್ಟಿಯಿಂದ ತೆಗೆದುಹಾಕಿದ ಪ್ರೋಗ್ರಾಂ ಮರುದಿನವೂ ಎದುರಿಗೆ ಬಂದು ನಿಂತರೆ ಅನೇಕರು ವೈರಸ್ ಎಂದು ಹೆದರುತ್ತಾರೆ. ಅದಕ್ಕೆ ಮುನ್ನ ಎರಡನೆಯ ನೆನಪನ್ನು ವಿಚಾರಿಸಬೇಕು. ವರ್ತನೆಯನ್ನು ನಿಲ್ಲಿಸಿದ್ದೀರಿ, ಆದರೆ ನಿನ್ನೆಯ ಚೀಟಿಯಲ್ಲಿ ಅದರ ಹೆಸರು ಇನ್ನೂ ಇದೆ.

ಒಳಹೊಕ್ಕ ಬಳಿಕ ಯಂತ್ರವು ಬಹಳ ಹೊತ್ತು ತೆವಳುತ್ತಿದ್ದರೆ ದೋಷವು ಸಾಮಾನ್ಯವಾಗಿ ಮೊದಲನೆಯ ಪಟ್ಟಿಯಲ್ಲಿರುತ್ತದೆ. ಅಲ್ಲಿ 16 ಹೆಸರುಗಳಿವೆಯೆನ್ನಿ. ಒಂದೊಂದನ್ನೇ ಬಿಡಿಸಿ ನೋಡುತ್ತ ಹೋದರೆ ಹದಿನೈದು ಸಲ ಯಂತ್ರವನ್ನು ಮರುಚಾಲನೆ ಮಾಡಬೇಕಾದೀತು. ಅದರ ಬದಲು 8ನ್ನು ಒಮ್ಮೆಗೇ ತಡೆಯಿರಿ. ತೊಂದರೆ ಹೋಯಿತೇ? ಅಪರಾಧಿ ಆ ಎಂಟರಲ್ಲಿದೆ. ಹೋಗಲಿಲ್ಲವೇ? ಉಳಿದ ಎಂಟರಲ್ಲಿದೆ. ಹೀಗೆ ಎಂಟನ್ನು ನಾಲ್ಕಾಗಿ, ನಾಲ್ಕನ್ನು ಎರಡಾಗಿ, ಎರಡನ್ನು ಒಂದಾಗಿ ಅರ್ಧಿಸುತ್ತ ಹೋದರೆ ನಾಲ್ಕೇ ಪ್ರಯತ್ನಗಳಲ್ಲಿ ಅದು ಸಿಕ್ಕಿಬೀಳುತ್ತದೆ. 32 ಇದ್ದರೆ ಐದು ಸಾಕು. ಅಪರಾಧಿ ಒಂದೇ ಆಗಿದ್ದರೆ ಮಾತ್ರ ಈ ಲೆಕ್ಕ ಸರಿ. ಎರಡು ಪ್ರೋಗ್ರಾಮುಗಳು ತಮ್ಮೊಳಗೆ ಕಾದಾಡುತ್ತಿದ್ದರೆ ಅವನ್ನು ಬೇರ್ಪಡಿಸಿದೊಡನೆ ಜಗಳ ನಿಂತು ನಾವು ದಾರಿ ತಪ್ಪುತ್ತೇವೆ. ಕೊನೆಗೆ ಸಿಕ್ಕ ಒಂದನ್ನು ಮಾತ್ರ ತಡೆದು, ಉಳಿದ ಹದಿನೈದನ್ನೂ ಮತ್ತೆ ಬಿಟ್ಟು ನೋಡಿದರೆ ಆ ಸಂಶಯ ತೀರುತ್ತದೆ.

ಪ್ರಯೋಗದಲ್ಲಿ ಹೆಸರುಗಳನ್ನು ತಡೆಹಿಡಿಯಬೇಕೇ ಹೊರತು ಅಳಿಸಬಾರದು. ವಿಂಡೋಸ್ 8 ಮತ್ತು ಆಮೇಲಿನ ಆವೃತ್ತಿಗಳಲ್ಲಿ 'ಟಾಸ್ಕ್ ಮ್ಯಾನೇಜರ್' ಎಂಬ ಕಿಟಕಿಯಿಂದಲೇ ಇದನ್ನು ಮಾಡಬಹುದು. ಅದೇ ವಿಂಡೋಸ್ 8ರಿಂದ ಮೂರನೆಯ ನೆನಪೊಂದೂ ಹುಟ್ಟಿಕೊಂಡಿದೆ: ಬೇಗ ಎಚ್ಚರಗೊಳ್ಳಲೆಂದು, ಆರಿಸುವಾಗ ವ್ಯವಸ್ಥೆಯ ತಿರುಳಿನ ಸ್ಥಿತಿಯನ್ನು ಡಿಸ್ಕಿನಲ್ಲಿ ಬರೆದಿಟ್ಟು, ಮರುದಿನ ಅದನ್ನೇ ಎತ್ತಿಕೊಳ್ಳುವ ಏರ್ಪಾಡು. ಇದು ಜಾರಿಯಲ್ಲಿರುವ ಯಂತ್ರದಲ್ಲಿ 'ಶಟ್ ಡೌನ್' ಒತ್ತಿ ಮತ್ತೆ ಎಬ್ಬಿಸಿದರೆ ತಿರುಳು ಹೊಸದಾಗಿ ಹುಟ್ಟುವುದಿಲ್ಲ. 'ರೀಸ್ಟಾರ್ಟ್' ಒತ್ತಿದರೆ ಹುಟ್ಟುತ್ತದೆ. ಆದುದರಿಂದ ಇಂತಹ ಪರೀಕ್ಷೆಗಳಲ್ಲಿ ಪ್ರತಿ ಸಲವೂ ಒತ್ತಬೇಕಾದುದು ಎರಡನೆಯ ಗುಂಡಿಯನ್ನು.