ಮುಂಬೈನಲ್ಲಿ ಹಡಗು ನಿಲ್ಲುವುದು ಒಂದೇ ದಿನ: ಎಲಿಫೆಂಟಾ ನೋಡೋದಾ, ಘಣಸೋಲಿ ನೆಂಟರ ಮನೆಗೆ ಹೋಗೋದಾ?

ಕ್ರೂಸ್ ಹಡಗು ಬೆಳಗ್ಗೆ ಬ್ಯಾಲಾರ್ಡ್ ಪಿಯರ್‌ಗೆ ಬಂದು ಸಂಜೆಯೇ ಹೊರಡುವುದಿದ್ದರೆ ಎರಡೂ ಕಡೆ ಹೋಗುವ ಆಸೆ ಬೇಡ. ಹಡಗಿಗೆ ಮರಳಬೇಕಾದ ಕೊನೆಯ ಸಮಯವನ್ನು ಮೊದಲೇ ಬರೆದಿಟ್ಟುಕೊಳ್ಳಿ. ತಡವಾದರೆ ಹಡಗು ಕಾಯುವುದಿಲ್ಲ.

ಎಲಿಫೆಂಟಾ: ಗೇಟ್‌ವೇ ಆಫ್ ಇಂಡಿಯಾದಿಂದ ದೋಣಿಯಲ್ಲಿ ಸುಮಾರು 1 ಗಂಟೆ. 1987ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಗುಹೆಗಳಿಗೆ ಸೋಮವಾರ ರಜೆ. ಸಮುದ್ರ ಪ್ರಕ್ಷುಬ್ಧವಾಗಿದ್ದರೆ ದೋಣಿ ಇರುವುದಿಲ್ಲ.

ಘಣಸೋಲಿ: ಸಿಎಸ್‌ಎಂಟಿ ನಿಲ್ದಾಣದಿಂದ ಹಾರ್ಬರ್ ಲೈನ್ ರೈಲು ಹಿಡಿದು ವಾಶಿಯಲ್ಲಿ ಇಳಿಯಿರಿ. ಅಲ್ಲಿಂದ ಥಾಣೆ ಲೋಕಲ್ ಹತ್ತಿ. ಹೋಗಲು ಒಂದೂವರೆ ಗಂಟೆ, ಬರಲು ಅಷ್ಟೇ ಇಟ್ಟುಕೊಳ್ಳಿ. ಭಾನುವಾರವಾದರೆ ಮೆಗಾಬ್ಲಾಕ್ ಇದೆಯೇ ಎಂದು ನೋಡಿಕೊಂಡೇ ಹೊರಡಿ.

ಐದಾರು ಗಂಟೆಯಷ್ಟೇ ಸಿಕ್ಕರೆ ನೆಂಟರನ್ನೇ ಸಿಎಸ್‌ಎಂಟಿಗೆ ಬರಹೇಳಿ. ಭೇಟಿಯೂ ಆಗುತ್ತದೆ, ಹಡಗೂ ತಪ್ಪುವುದಿಲ್ಲ.